ನೆಲದ ಜ್ವರ ನೋಡುತ್ತಿದ್ದವರು

ಶ್ರಾವ್ಯಾ, ನಿಹಾಲ್, ಇದನ್ನು ನೀವಿಬ್ಬರೂ ನಿಧಾನವಾಗಿ ಓದಿ. ಕನ್ನಡದ ಅಕ್ಷರ ಕೂಡಿಸಿ ಓದುವಾಗ ನಿಮಗೆ ಬೇಸರ ಬರುತ್ತದೆಂದು ನನಗೆ ಗೊತ್ತು. ಆದರೂ ನಿಮ್ಮ ಅಪ್ಪನ ಕೈಯಲ್ಲಿ ಓದಿಸಿಕೊಳ್ಳಬೇಡಿ. ಅವನು ಮಧ್ಯದಲ್ಲಿ ನಿಲ್ಲಿಸಿ ಏನಾದರೂ ಕೇಳಿದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ. ಎದುರಿಗೆ ನಿಂತು ಮಾತಾಡುವುದು ನನಗೆ ಚಿಕ್ಕಂದಿನಿಂದಲೂ ಬಾರದು. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಬರವಣಿಗೆ ಮಾತ್ರ ಕೈಯಲ್ಲಿ ಉಳಿದಿದೆ.

ಕಳೆದ ವಾರ ನಮ್ಮ ಹಳೆಯ ಕಾಂಪೌಂಡಿನಲ್ಲಿದ್ದ ಒಬ್ಬ ಹೆಂಗಸು ಫೋನ್ ಮಾಡಿದ್ದಳು. ಮಗಳ ಹೆರಿಗೆ, ತನ್ನ ಮೊಣಕಾಲು ನೋವು ಎಲ್ಲ ಮುಗಿದ ಮೇಲೆ ಆಗಷ್ಟೇ ನೆನಪಾದವಳಂತೆ ಹೇಳಿದಳು: "ಹಾಂ ಅಕ್ಕಾ, ಆ ಸಿಡುಕ ಇಂಜಿನಿಯರ್ ಇದ್ದನಲ್ಲ, ಹೋದನಂತೆ. ಯಮನಿಗೂ ಎಷ್ಟು ಬೈದನೋ ಏನೋ." ಅವಳು ನಕ್ಕಳು, ನಾನೂ ನಕ್ಕೆ. ಆಮೇಲೆ ಅವಳು, "ನಿಮ್ಮಂಥವರನ್ನು ಸುಳ್ಳಿ ಅಂದ ನಾಲಿಗೆ ಅಲ್ವಾ ಅದು. ದೇವರು ನೋಡ್ತಾನೆ ಬಿಡಿ" ಅಂದಳು. ನಾನು ತಲೆಯಾಡಿಸಿದೆ. ಫೋನಿನಲ್ಲಿ ತಲೆಯಾಡಿಸಿದ್ದು ಯಾರಿಗೂ ಕಾಣುವುದಿಲ್ಲ ಎಂದು ಆಮೇಲೆ ಹೊಳೆಯಿತು.

ಆ ದಿನದಿಂದ ಬರೆಯಬೇಕೆಂದುಕೊಂಡಿದ್ದೇನೆ. ನಿಮ್ಮ ಅಜ್ಜ ಇದ್ದಿದ್ದರೆ ಬರೆಯಲು ಆಗುತ್ತಿರಲಿಲ್ಲ. ಅವರು ಹೋಗಿ ಮೂರು ವರ್ಷವಾಯಿತು.

ಸತ್ತವರನ್ನು ಒಳ್ಳೆಯವರೆನ್ನುವುದು ರೂಢಿ. ಈ ಇಂಜಿನಿಯರು ಒಳ್ಳೆಯವರಾಗಿರಲಿಲ್ಲ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹುಬ್ಬಳ್ಳಿ ಕಡೆಯವರು, ಒಂಟಿಯಾಗಿದ್ದರು. ಸಪೂರ ಮೈ, ಉದ್ದ ಮೂಗು. ಜುಲೈ ತಿಂಗಳ ಬಿಸಿಲಿನಲ್ಲೂ ಉದ್ದ ತೋಳಿನ ಅಂಗಿ, ಕತ್ತಿನವರೆಗೆ ಗುಂಡಿ. ಊರಿನಿಂದ ತರಿಸಿದ ಒಣ ರೊಟ್ಟಿಯನ್ನು ಮುರಿದು ಶೇಂಗಾಪುಡಿಯಲ್ಲಿ ಅದ್ದಿ, ಯಂತ್ರದ ಕೋಣೆಯಲ್ಲಿ ನಿಂತುಕೊಂಡೇ ತಿನ್ನುತ್ತಿದ್ದರು. ಯಾರಿಗೂ ಒಂದು ಚೂರು ಬೇಕೇ ಎಂದು ಕೇಳಿದ್ದನ್ನು ನಾನು ನೋಡಿಲ್ಲ. ನಗುತ್ತಿದ್ದುದು ಬೇರೆಯವರ ತಪ್ಪು ಸಿಕ್ಕಾಗ ಮಾತ್ರ.

ಅವರದೊಂದು ಅಭ್ಯಾಸವಿತ್ತು. ಬೆಳಿಗ್ಗೆ ಬಂದವರೇ ನೆಲದಿಂದ ಮೇಲೆ ಬರುವ ಪೈಪಿನ ಬಳಿ ಕುಕ್ಕರುಗಾಲಿನಲ್ಲಿ ಕೂತು, ಅಂಗೈ ತಿರುಗಿಸಿ ಬೆರಳುಗಳ ಹಿಂಬದಿಯನ್ನು ಅದಕ್ಕೆ ತಾಗಿಸುತ್ತಿದ್ದರು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವುದು ಹಾಗೆಯೇ. ಮನುಷ್ಯರ ಮೇಲೆ ಅವರು ಅಷ್ಟು ಮೃದುವಾಗಿ ಕೈಯಿಟ್ಟದ್ದನ್ನು ಯಾರೂ ಕಂಡಿರಲಿಕ್ಕಿಲ್ಲ.

ಆ ಪೈಪಿನ ವಿಷಯ ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯದು. ನಾವಿದ್ದ ಕಾಂಪೌಂಡು ಕೊಲ್ಲಿಯ ದ್ವೀಪದೇಶದಲ್ಲಿ, ಟುಬ್ಲಿ ಎಂಬ ಊರಿನಿಂದ ಸ್ವಲ್ಪ ಆಚೆ. ಒಂದೇ ಗೋಡೆಯೊಳಗೆ ಮೂವತ್ತು ವಿಲ್ಲಾ, ಮಧ್ಯೆ ಹುಲ್ಲು, ಹಿಂದೆ ಯಂತ್ರದ ಕೋಣೆ, ಅದಕ್ಕೆ ಅಂಟಿಕೊಂಡು ನಮ್ಮ ಕ್ವಾರ್ಟರ್ಸು. ನಿಮ್ಮ ಅಜ್ಜ ಆ ಯಂತ್ರಗಳ ಆಪರೇಟರ್. ನಿಮ್ಮ ಅಪ್ಪ ಆಗ ಮಂಗಳೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದ. ಬೇರೆ ಕಡೆ ಏಸಿಯ ಬಿಸಿಯನ್ನು ಚಾವಣಿಯ ಮೇಲಿನ ಯಂತ್ರಗಳು ಗಾಳಿಗೆ ಉಗುಳುತ್ತವೆ. ನಮ್ಮಲ್ಲಿ ಹಾಗಿರಲಿಲ್ಲ. ಹುಲ್ಲಿನ ಅಡಿಯಲ್ಲಿ ನೂರಾರು ಅಡಿ ಆಳದ ರಂಧ್ರಗಳನ್ನು ಕೊರೆದು ಪೈಪು ಇಳಿಸಿದ್ದರು. ಮನೆಗಳ ಬಿಸಿ ಹೊತ್ತ ನೀರು ಅದರಲ್ಲಿ ಕೆಳಗಿಳಿದು, ಬಿಸಿಯನ್ನು ನೆಲಕ್ಕೆ ಕೊಟ್ಟು, ತಣಿದು ಮೇಲೆ ಬರುತ್ತಿತ್ತು. ಆಗಸ್ಟಿನ ಗಾಳಿಗಿಂತ ಆಳದ ನೆಲ ಎಷ್ಟೋ ತಂಪು. ಸದ್ದಿಲ್ಲ, ಕರೆಂಟೂ ಕಡಿಮೆ. ಮಾಲೀಕರಾದ ಅರಬ್ ಯಜಮಾನರು ಇದನ್ನು ಪರೀಕ್ಷೆಗೆಂದು ಹಾಕಿಸಿದ್ದರು. ಚೆನ್ನಾಗಿ ನಡೆದರೆ ಅವರ ಉಳಿದ ಕಟ್ಟಡಗಳಿಗೂ ಬರಬೇಕಿತ್ತು. ಇಂಜಿನಿಯರ ಕೆಲಸ, ವೀಸಾ ಎಲ್ಲ ಆ ನೆಲದ ಮೇಲೆಯೇ ನಿಂತಿತ್ತು.

ಆದರೆ ನೆಲ ಎಷ್ಟು ಬಿಸಿ ನುಂಗೀತು? ಇಲ್ಲಿನ ಬೇಸಿಗೆಗೆ ಕೊನೆಯೇ ಇಲ್ಲ. ಬಿಡದೆ ತುಂಬಿದರೆ ನೆಲವೂ ಕಾಯುತ್ತದೆ. ಕಾದ ನೆಲ ಬೇಗ ತಣಿಯುವುದಿಲ್ಲ. ಆದ್ದರಿಂದ ಇಂಜಿನಿಯರು ಪರೀಕ್ಷೆಗೆಂದೇ ಒಂದು ರಂಧ್ರವನ್ನು ಖಾಲಿ ಬಿಟ್ಟು, ಪ್ರತಿದಿನ ಅದರೊಳಗೆ ಥರ್ಮಾಮೀಟರಿನ ತಂತಿ ಇಳಿಸಿ ನೋಡಬೇಕೆಂದು ನಿಯಮ ಮಾಡಿದ್ದರು. ಗೋಡೆಯ ಮೇಲಿನ ಚಾರ್ಟಿನಲ್ಲಿ ಒಂದು ಕೆಂಪು ಗೆರೆ. ಅಂಕಿ ಆ ಗೆರೆ ಮುಟ್ಟಿತೆಂದರೆ ಅರ್ಧ ಮನೆಗಳನ್ನು ಚಾವಣಿಯ ಹಳೆಯ ಏಸಿಗಳಿಗೆ ಬದಲಿಸಬೇಕು. ಆ ಅರ್ಧ ನೆಲಕ್ಕೆ ವಿಶ್ರಾಂತಿ. ಅಂಕಿ ಇಳಿದ ಮೇಲೆ ಮತ್ತೆ ಅದಲುಬದಲು.

ಈ ವಿಶ್ರಾಂತಿಯನ್ನು ಮನೆಗಳವರು ಸಹಿಸುತ್ತಿರಲಿಲ್ಲ. ಚಾವಣಿಯ ಏಸಿ ಹಳೆಯದು, ಗುಡುಗುಡು ಸದ್ದು, ಅರೆಬರೆ ತಂಪು. ಕಾಂಪೌಂಡಿನ ಆಫೀಸಿನಲ್ಲಿ ಒಂದು ದೂರಿನ ಪುಸ್ತಕ ಇತ್ತು. ಅದು ತುಂಬಿ ಎರಡನೆಯದು ಬಂತು. ಮ್ಯಾನೇಜರು ಬೆಂಗಳೂರಿನವರು, ಎಲ್ಲರನ್ನೂ ನಗಿಸಿ ಸಮಾಧಾನ ಮಾಡುವವರು. ಅವರು ಒಂದು ಸಭೆ ಕರೆದು, ಇಂಜಿನಿಯರಿಂದಲೇ ವಿವರಣೆ ಕೊಡಿಸಿದರು. ಹಿಂದಿನ ಸಾಲಿನಲ್ಲಿ ಚಹಾ ಹಂಚಲು ನಾನಿದ್ದೆ.

"ನೀವು ಬುಕ್ಕಿನ್ಯಾಗ ಬರೀತೀರಿ. ನೆಲ ಕಂಪ್ಲೇಂಟ್ ಬರಿಯಂಗಿಲ್ರಿ," ಎಂದು ಇಂಜಿನಿಯರು ಶುರುಮಾಡಿದರು. "ಈ ದ್ವೀಪದಾಗ ನೆಲದಿಂದ ತಾನಾಗೇ ನೀರು ಉಕ್ಕತಿತ್ತು. ಎಲ್ಲಾರೂ ಪಂಪ್ ಇಳಿಸಿ ಹೀರಿದ್ರು. ಈಗ ಒಣಾ ತೊಟ್ಟಿ ಉಳದಾವ. ಅವ್ರು ತಗದು ಕೆಡಿಸಿದ್ರು, ನೀವು ತುಂಬಿ ಕೆಡಸ್ತೀರಿ."

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು, ತನ್ನ ಮನೆ ಹದಿನೆಂಟಕ್ಕೆ ಇಳಿಯುತ್ತಿಲ್ಲ ಎಂದಳು. ಇಂಜಿನಿಯರು ಅವಳನ್ನು ಮೇಲಿನಿಂದ ಕೆಳಗೆ ನೋಡಿ, "ಹದಿನೆಂಟು? ಯಾರದರ ಹೆಣ ಇಟ್ಟೀರೇನ್ರಿ ಮನ್ಯಾಗ?" ಎಂದರು.

ಅವಳ ಮಾವ ತೀರಿಹೋಗಿ ಹತ್ತು ದಿನವಾಗಿತ್ತು. ದೇಹವನ್ನು ಊರಿಗೆ ಕಳಿಸುವ ಕಾಗದಪತ್ರ ಆಗುವ ತನಕ ಅವರು ಪಟ್ಟ ಪಾಡು ಎಲ್ಲರಿಗೂ ಗೊತ್ತಿತ್ತು, ಇಂಜಿನಿಯರಿಗೆ ಗೊತ್ತಿರಲಿಲ್ಲ. ಅವಳು ಎದ್ದು ಹೋದಳು. ಮ್ಯಾನೇಜರು ಅವರ ಕಿವಿಯಲ್ಲಿ ವಿಷಯ ಹೇಳಿದರು. ಅವರು "ಹೌದೇನು" ಎಂದು, ಚಾರ್ಟಿನ ಕಡೆ ಕೈ ತೋರಿಸಿ ಮಾತು ಮುಂದುವರಿಸಿದರು. ಆ ದಿನದಿಂದ ಕಾಂಪೌಂಡಿನಲ್ಲಿ ಅವರಿಗೆ ನಮಸ್ಕಾರ ಹೇಳುವವರೂ ಇಲ್ಲವಾದರು.

ಇನ್ನು ನಿಮ್ಮ ಅಜ್ಜನ ವಿಷಯ.

ತಂತಿ ಇಳಿಸಿ ಅಂಕಿ ಬರೆಯುವುದು ಮೊದಲು ಅಜ್ಜನ ಕೆಲಸವಾಗಿತ್ತು. ಬೆಳಿಗ್ಗೆ ಬಿಸಿಲಿನಲ್ಲಿ ಅಷ್ಟುದ್ದ ತಂತಿ ಇಳಿಸಿ, ಕಾದು, ಮತ್ತೆ ಸುತ್ತಬೇಕು. ಅಜ್ಜ ಕೆಲವು ದಿನ ಇಳಿಸಿದರು. ಅಂಕಿ ದಿನಕ್ಕೆ ಕೂದಲೆಳೆಯಷ್ಟೇ ಬದಲಾಗುವುದು ನೋಡಿ, ಆಮೇಲೆ ಚಹಾ ಕುಡಿಯುತ್ತ ಕೂತಲ್ಲೇ ಬರೆಯತೊಡಗಿದರು. ಸೋಮಾರಿತನವಲ್ಲ, ಅವರ ಬೆನ್ನು ಆಗಲೇ ನೋಯುತ್ತಿತ್ತು. ಆದರೆ ಹೇಳಲಿಲ್ಲ. ಅದೂ ಒಂದು ತಪ್ಪು.

ಒಂದು ಶನಿವಾರ ಇಂಜಿನಿಯರು ಪುಸ್ತಕ ಹಿಡಿದುಕೊಂಡು ಅಂಗಳದ ಮಧ್ಯೆ ನಿಂತು ಅಜ್ಜನನ್ನು ಕರೆದರು. ಮಾಲಿಗಳು, ಡ್ರೈವರುಗಳು, ಗೇಟಿನವರು ಎಲ್ಲ ಇದ್ದರು.

"ನಿನ್ನೆ ಮಷೀನು ಪೂರಾ ಬಂದ್ ಇತ್ತು. ನೆಲ ತಂಪಾಗಬೇಕು. ನಿನ್ನ ಬುಕ್ಕಿನ್ಯಾಗ ಬಿಸಿ ಏರೇತಿ. ಯಾವ ನೆಲ ನೋಡಿ ಬರದಿಯೋ? ನಿಮ್ಮ ಮಾವನ ಮನೀದೇನು?"

"ತಪ್ಪಾಯ್ತು ಸಾರ್," ಎಂದರು ಅಜ್ಜ.

"ತಪ್ಪಲ್ಲ, ಕಳ್ಳತನ ಇದು. ತಗೋ, ತಂತಿ ಇಳಸು. ಹತ್ತು ಸಲ. ಪ್ರತಿ ಸಲ ಅಂಕಿ ಜೋರಾಗಿ ಹೇಳು. ಎಲ್ಲಾರಿಗೂ ಕೇಳಸಲಿ."

ಅಜ್ಜ ಹತ್ತು ಸಲ ಇಳಿಸಿದರು, ಹತ್ತು ಸಲ ಹೇಳಿದರು. ಆರನೆಯ ಸಲ ಬೆನ್ನು ಹಿಡಿದು ಬಗ್ಗಿಯೇ ನಿಂತರು. "ಜೋರಾಗಿ" ಎಂದರು ಇಂಜಿನಿಯರು. ನಾನು ಕಿಟಕಿಯ ಪರದೆಯ ಹಿಂದೆ ಇದ್ದೆ. ಹೊರಗೆ ಹೋಗಬಹುದಿತ್ತು. ಹೋಗಲಿಲ್ಲ.

ಅದು ಮುಗಿದ ಮೇಲೆ ಇಂಜಿನಿಯರು ನೀರು ಕೇಳಿಕೊಂಡು ನಮ್ಮ ಬಾಗಿಲಿಗೆ ಬಂದರು. ಜಗಲಿಯ ಕಟ್ಟೆಯ ಮೇಲೆ ನಾನು ಬಿಸಿಲಿಗಿಟ್ಟ ಉಪ್ಪಿನಕಾಯಿ ಜಾಡಿಗಳಿದ್ದವು. ಪ್ರತಿಯೊಂದರ ಮೇಲೂ ಚೀಟಿ ಅಂಟಿಸಿ ಹಾಕಿದ ದಿನ, ಉಪ್ಪಿನ ಅಳತೆ ಬರೆದಿಡುವುದು ನನ್ನ ಪದ್ಧತಿ. ಅವರು ಲೋಟ ಕೆಳಗಿಟ್ಟು ಒಂದೊಂದೇ ಚೀಟಿಯನ್ನು ಓದಿದರು.

"ಅಕ್ಕಾರ, ಇದು ಯಾರ ಅಕ್ಷರ?"

ಅಜ್ಜ ಹಿಂದಿನಿಂದ, "ಅವಳದ್ದು ಸಾರ್. ಏಳನೇ ಕ್ಲಾಸು ಓದಿದ್ದಾಳೆ," ಎಂದರು.

"ಡಿಪ್ಲೊಮಾ ನೀ ಮಾಡೀದಿ, ಬರವಣಿಗಿ ಅಕ್ಕಾರದು ಖರೇ ಅದ. ನಾಳೆಯಿಂದ ಅಕ್ಕಾರ ನೋಡ್ತಾರ. ನೀ ಉಪ್ಪಿನಕಾಯಿ ಹಾಕು."

ನನ್ನನ್ನು ಅವರು ಯಾವಾಗಲೂ 'ಅಕ್ಕಾರ' ಎಂದು ಬಹುವಚನದಲ್ಲಿ ಕರೆಯುತ್ತಿದ್ದರು, ಅಜ್ಜನನ್ನು 'ನೀ' ಎಂದು. ಅಜ್ಜನನ್ನು ಹೆಚ್ಚು ಚುಚ್ಚಿದ್ದು 'ನೀ' ಅಲ್ಲ, ಆ 'ಅಕ್ಕಾರ'. ಮನೆಯಲ್ಲಿ ಊಟಕ್ಕೆ ಕೂತಾಗ ಅವರು ತಟ್ಟೆ ನೋಡಿಕೊಂಡು, "ಮೇಡಂ, ಸಾರು ಇವತ್ತು ಎಷ್ಟು ಡಿಗ್ರಿ ಉಂಟು?" ಎಂದು ಕೇಳುತ್ತಿದ್ದರು. ನಾನು ಹೆಚ್ಚು ಬಡಿಸಿದರೆ, "ಗೆರೆ ದಾಟಿತು, ಸಾಕು," ಎನ್ನುತ್ತಿದ್ದರು. ಒಂದೆರಡು ದಿನದಲ್ಲಿ ನಿಲ್ಲಬಹುದೆಂದುಕೊಂಡೆ. ನಿಲ್ಲಲಿಲ್ಲ. ಕಾಂಪೌಂಡಿನ ಹೆಂಗಸರೂ ನನಗೆ 'ಥರ್ಮಾಮೀಟರ್ ಆಂಟಿ' ಎಂದು ಹೆಸರಿಟ್ಟರು.

ನಾನು ಕೆಲಸ ಕಲಿತೆ. ತಂತಿಗೆ ಅಳತೆಗೊಂದರಂತೆ ಕೆಂಪು ನೂಲು ಕಟ್ಟಿಕೊಂಡೆ, ಬಾವಿಯ ಹಗ್ಗಕ್ಕೆ ಕಟ್ಟುವ ಹಾಗೆ. ನೂಲು ಎಣಿಸುತ್ತ ಇಳಿಸಿದರೆ ಆಳ ತಪ್ಪುವುದಿಲ್ಲ. ಇಂಜಿನಿಯರು ಅದನ್ನು ನೋಡಿ ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ಸರಿಯಾಗಿದೆ ಎಂದು ಅರ್ಥ.

ಒಮ್ಮೆ ಮಾತ್ರ ನಾನು ಅವರೊಡನೆ ನಾಲ್ಕು ಮಾತಾಡಿದೆ. ಈ ಸರದಿಯ ಲೆಕ್ಕ ಗೊತ್ತಾಯಿತೇ ಎಂದು ಅವರು ಕೇಳಿದ್ದರು. ನಾನು ನೆಲ ನೋಡಿಕೊಂಡು ಹೇಳಿದೆ: "ನಮ್ಮ ಊರಲ್ಲಿ ಏಪ್ರಿಲ್ ಮೇಯಲ್ಲಿ ಬಾವಿ ತಳ ಕಾಣ್ತದೆ. ಬೆಳಿಗ್ಗೆ ಸೇದಿದ ಮೇಲೆ ಸಂಜೆವರೆಗೆ ಯಾರೂ ಕೊಡ ಇಳಿಸ್ಲಿಕ್ಕಿಲ್ಲ. ಬಾವಿ ಊರ್ಲಿಕ್ಕೆ ಬಿಡ್ಬೇಕು. ಆಸೆಬುರುಕರು ಮಧ್ಯಾಹ್ನ ಇಳಿಸಿದ್ರೆ ಕೆಸರು ಬರ್ತದೆ, ಸಂಜೆ ಎಲ್ಲರಿಗೂ ಕೆಸರೇ."

ಅವರು ಅದನ್ನು ಮತ್ತೊಮ್ಮೆ ಹೇಳಿಸಿ ಕೇಳಿಸಿಕೊಂಡರು. ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆ ಸಂತೋಷ ಮಧ್ಯಾಹ್ನದ ತನಕವೂ ಇರಲಿಲ್ಲ. ಅವರು ಯಂತ್ರದ ಕೋಣೆಗೆ ಹೋಗಿ ಎಲ್ಲ ಕೆಲಸಗಾರರ ಮುಂದೆ ಅಜ್ಜನಿಗೆ, "ಅಕ್ಕಾರ ಬಾವಿ ನೋಡಿ ತಿಳಕೊಂಡಾರ, ನಿನಗ ಮಷೀನು ನೋಡಿದ್ರೂ ತಿಳೀವಲ್ದು. ಸಂಜಿಕೆ ಅವ್ರ ಕಡೆ ಟ್ಯೂಷನ್ ಹೋಗು," ಎಂದರಂತೆ. ನನ್ನ ಬಾವಿಯನ್ನೂ ಅವರು ಕಲ್ಲು ಮಾಡಿ ಅಜ್ಜನ ಮೇಲೆ ಎಸೆದರು. ಆಮೇಲೆ ನಾನು ಅವರಿಗೆ ಏನನ್ನೂ ಹೇಳಲಿಲ್ಲ.

ಮೂರನೆಯ ಬೇಸಿಗೆ ಬಂತು. ಆ ವರ್ಷ ಜೂನಿನಿಂದಲೇ ಅಂಕಿ ಗೆರೆಯ ಹತ್ತಿರ ಆಡುತ್ತಿತ್ತು. ಇಂಜಿನಿಯರು ಸರದಿ ಬದಲಿಸುತ್ತ, ದೂರು ಬರೆದವರನ್ನು ಬೈಯುತ್ತ ಹೇಗೋ ನಡೆಸಿದರು. ಈ ಒಂದು ಬೇಸಿಗೆ ದಾಟಿದರೆ ಯಜಮಾನರು ಒಪ್ಪುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಆಗಸ್ಟಿನಲ್ಲಿ ಅವರಿಗೆ ಹೊಟ್ಟೆನೋವು ಬಂದು ಆಪರೇಷನ್ ಆಗಬೇಕೆಂದಾಯಿತು. ಹತ್ತು ದಿನ ಬರಲಾಗುವುದಿಲ್ಲ. ಆಸ್ಪತ್ರೆಗೆ ಹೋಗುವ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು ಮನೆಗಳ ಸರದಿ ಬದಲಿಸುವ ವಾಲ್ವಿನ ಪೆಟ್ಟಿಗೆಯ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಅಜ್ಜ ಅಲ್ಲೇ ಶೂ ಹಾಕಿಕೊಳ್ಳುತ್ತಿದ್ದರು.

"ಗೆರಿ ಮುಟ್ಟಿತಂದ್ರ ತಿರುಗಿಸ್ರಿ ಅಕ್ಕಾರ. ಯಾರನ್ನೂ ಕೇಳಬ್ಯಾಡ್ರಿ. ನನ್ನನ್ನೂ ಕೇಳಬ್ಯಾಡ್ರಿ. ಇವನ ಕೈಯಾಗ ಮಾತ್ರ ಕೊಡಬ್ಯಾಡ್ರಿ, ಇದನ್ನೂ ಕೂತಲ್ಲೇ ತಿರುಗಿಸ್ತಾನ."

ಅಜ್ಜ ಲೇಸು ಕಟ್ಟುತ್ತಲೇ ಇದ್ದರು.

ಎರಡನೆಯ ದಿನ ಮ್ಯಾನೇಜರ ಹೆಂಡತಿ ಬಂದರು. ಅವರ ಮಗಳಿಗೆ ಸೀಮಂತ. ಬೀಗರು ಬೆಂಗಳೂರಿನಿಂದ ಬಂದಿದ್ದರು. ಆ ಕಾಂಪೌಂಡಿನಲ್ಲಿ ಹೋಳಿಗೆ ತಟ್ಟಲು, ಚಹಾ ಹಂಚಲು ನನ್ನನ್ನು ಎಷ್ಟೋ ಸಲ ಕರೆದಿದ್ದಾರೆ. ಅಂದು ಅವರು ಬಾಗಿಲಲ್ಲಿ ನಿಂತು, ಕುಂಕುಮದ ಬಟ್ಟಲು ಮುಂದೆ ಹಿಡಿದು, "ಕೆಲಸಕ್ಕೆ ಅಂದ್ಕೋಬೇಡಿ ಆಂಟಿ. ಮುತ್ತೈದೆ ಅಂತ ಕರೀತಿದೀನಿ. ನೀವು ಬಂದು ಕೂತ್ಕೋಬೇಕು, ಅಷ್ಟೆ," ಎಂದರು.

ಅವರ ಹಿಂದೆಯೇ ಮ್ಯಾನೇಜರು ಬಂದರು. "ಆಂಟಿ, ಇನ್ನೊಂದು ಸಣ್ಣ ರಿಕ್ವೆಸ್ಟು. ಆ ಟ್ಯಾಪು ಗೀಪು ಏನಿದೆ, ಒಂದೆರಡು ದಿನ ಮುಟ್ಟೋಕೆ ಹೋಗಬೇಡಿ. ಹಾಲ್ ತುಂಬ ಜನ ಇರ್ತಾರೆ. ಹುಡುಗಿ ಬೇರೆ ಎಂಟು ತಿಂಗಳು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ನಾನು ತಲೆಯಾಡಿಸಿದೆ. ಯಾರಾದರೂ ಎದುರಿಗೆ ನಿಂತು ಕೇಳಿದರೆ ನನ್ನ ತಲೆ ಆಡುವುದು ಒಂದೇ ಕಡೆಗೆ.

ಮರುದಿನ ಬೆಳಿಗ್ಗೆ ತಂತಿ ಇಳಿಸಿದೆ. ಅಂಕಿ ಗೆರೆ ಮುಟ್ಟಿತ್ತು. ನೂಲು ಮತ್ತೆ ಎಣಿಸಿದೆ, ಮತ್ತೆ ಇಳಿಸಿದೆ. ಮುಟ್ಟಿತ್ತು. ಕೀಲಿ ನನ್ನ ಸೆರಗಿನ ತುದಿಯಲ್ಲಿತ್ತು. ಮಗ್ಗುಲಲ್ಲಿ ಅಜ್ಜ ಬಂದು ನಿಂತಿದ್ದರು.

"ಎಂತ ಉಂಟು?" ಎಂದರು.

"ಮುಟ್ಟಿದೆ."

"ಮುಟ್ಲಿ. ಒಂದು ಸಲವಾದ್ರೂ ಅವನ ಗೆರೆ ಏನಾಗ್ತದೆ ಅಂತ ಅವನಿಗೂ ಗೊತ್ತಾಗ್ಲಿ," ಎಂದು ಅಜ್ಜ ಮೆಲ್ಲಗೆ ಹೇಳಿದರು. ಬಹಳ ತಿಂಗಳ ಮೇಲೆ ಅವರು ನನ್ನನ್ನು 'ಮೇಡಂ' ಎನ್ನದೆ ಮಾತಾಡಿದ್ದು ಅಂದೇ.

ನಾನು ಚಾರ್ಟಿನಲ್ಲಿ ಗೆರೆಗಿಂತ ಒಂದು ಕೂದಲು ಕೆಳಗೆ ಚುಕ್ಕೆ ಇಟ್ಟೆ. ಪಕ್ಕದಲ್ಲಿ ಅಂಕಿ ಬರೆದೆ, ಉಪ್ಪಿನಕಾಯಿ ಚೀಟಿಯ ಮೇಲಿನಷ್ಟೇ ದುಂಡಗೆ. ಆಮೇಲೆ ರೇಷ್ಮೆ ಸೀರೆ ಉಟ್ಟು ಸೀಮಂತಕ್ಕೆ ಹೋದೆ. ಹುಡುಗಿಗೆ ಹಸಿರು ಬಳೆ ತೊಡಿಸಿದೆ. ಹಾಲ್ ತಂಪಾಗಿತ್ತು. ಹೆಣದ ಮಾತು ಕೇಳಿಸಿಕೊಂಡಿದ್ದ ಹೆಂಗಸು ನನ್ನ ಕೈ ಹಿಡಿದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ನನಗೆ ಯಾರೂ ಅಲ್ಲಿ ಥರ್ಮಾಮೀಟರ್ ಆಂಟಿ ಎನ್ನಲಿಲ್ಲ.

ಎರಡು ದಿನ ಎಂದಿದ್ದರು. ಬೀಗರು ಹೊರಡಲಿಲ್ಲ. ಆದರೆ ಅದನ್ನು ನೆಪ ಮಾಡಿ ಹೇಳುವುದು ಸರಿಯಲ್ಲ. ಮೊದಲ ದಿನದ ಸುಳ್ಳು ಅಂಕಿಯ ಪಕ್ಕದಲ್ಲಿ ಎರಡನೆಯ ದಿನದ ನಿಜ ಅಂಕಿ ಬರೆದರೆ ಒಂದೇ ದಿನಕ್ಕೆ ಅಷ್ಟು ಏರಿದ್ದು ಹೇಗೆ ಎಂದು ಯಾರಾದರೂ ಕೇಳುತ್ತಾರೆ. ಆದ್ದರಿಂದ ಎರಡನೆಯದನ್ನೂ ಇಳಿಸಿ ಬರೆದೆ, ಮೂರನೆಯದನ್ನೂ. ಮೇಲೆ ಬರುವ ನೀರಿನ ಬಿಸಿ ತೋರಿಸುವ ಡಯಲಿನ ಅಂಕಿ ಬರೆಯುವ ಯಂತ್ರದ ಪುಸ್ತಕ ಅಜ್ಜನ ಕೈಯಲ್ಲಿತ್ತು. ಅವರು ಪ್ರತಿದಿನ ನನ್ನ ಚಾರ್ಟು ನೋಡಿ ತಮ್ಮ ಅಂಕಿಯನ್ನು ಅದಕ್ಕೆ ಹೊಂದಿಸಿದರು. ಪಕ್ಕಪಕ್ಕದಲ್ಲಿ ನಿಂತು, "ಇದಕ್ಕೆ ಎಷ್ಟು ಹಾಕ್ಲಿ?" "ಸ್ವಲ್ಪ ಕಡಿಮೆ ಮಾಡಿ," ಎಂದು ಮಾತಾಡಿಕೊಳ್ಳುತ್ತಿದ್ದೆವು. ಆ ಒಂದು ವಾರ ನಮ್ಮ ಮನೆಯಲ್ಲಿ ಜಗಳವಿರಲಿಲ್ಲ. ಅಜ್ಜ ಸಾರನ್ನು ಎರಡು ಸಲ ಹಾಕಿಸಿಕೊಂಡರು.

ಮನಸ್ಸಿನೊಳಗೆ ನನಗೂ ಅದು ಬೇಕಾಗಿತ್ತು, ಮಕ್ಕಳೇ. ಹತ್ತು ಸಲ ತಂತಿ ಇಳಿಸಿದ ಅಜ್ಜನ ಬೆನ್ನು ನನ್ನ ಕಣ್ಣಮುಂದೆ ಇತ್ತು. ಆದರೆ ಅಷ್ಟೇ ಎಂದರೆ ನನ್ನನ್ನು ನಾನೇ ಒಳ್ಳೆಯವಳು ಮಾಡಿಕೊಂಡಂತೆ. ಇಂಜಿನಿಯರು ಯಾರನ್ನೂ ನಂಬದೆ ನನ್ನೊಬ್ಬಳನ್ನು ನಂಬಿದ್ದರು. ಅದು ಗೊತ್ತಿದ್ದೇ ಮಾಡಿದೆ.

ಒಂಬತ್ತನೆಯ ದಿನ ನಡುಮಧ್ಯಾಹ್ನ ಯಂತ್ರಗಳು ಒಂದಾದ ಮೇಲೊಂದು ನಿಂತವು. ನೆಲದಿಂದ ಬರುವ ನೀರು ಹೋದಷ್ಟೇ ಬಿಸಿಯಾಗಿ ಮರಳುತ್ತಿತ್ತು. ಚಾವಣಿಯ ಹಳೆಯ ಏಸಿಗಳನ್ನು ಎಲ್ಲವನ್ನೂ ಒಟ್ಟಿಗೆ ಹಚ್ಚಿದಾಗ ಕರೆಂಟೇ ಹೋಯಿತು. ಜನ ಹೊರಗೆ ಓಡಿಬಂದು ಗೋಡೆಯ ನೆರಳಿನಲ್ಲಿ ನಿಂತರು. ಹಸಿರು ಬಳೆಯ ಹುಡುಗಿಯನ್ನು ಕಾರಿನಲ್ಲಿ ಕೂರಿಸಿ ಸೀಫ್‌ನ ಶಾಪಿಂಗ್ ಮಾಲ್‌ಗೆ ಕರೆದುಕೊಂಡು ಹೋದರು. ಅವಳು ಬೀಗರ ಜೊತೆ ಸಂಜೆಯವರೆಗೆ ಒಂದು ಬಟ್ಟೆಯಂಗಡಿಯ ಮುಂದಿನ ಬೆಂಚಿನಲ್ಲಿ ಕೂತಿದ್ದಳಂತೆ.

ಇಂಜಿನಿಯರು ಮರುದಿನ ಬೆಳಿಗ್ಗೆ ಬಂದರು. ಹೊಟ್ಟೆಯ ಹೊಲಿಗೆ ಇನ್ನೂ ತೆಗೆದಿರಲಿಲ್ಲ. ಒಂದು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದು ಪೈಪಿನ ಬಳಿ ಕುಕ್ಕರಿಸಿದರು. ಬೆರಳಿನ ಹಿಂಬದಿ ತಾಗಿಸಿ, ತೆಗೆದು, ಮತ್ತೆ ತಾಗಿಸಿದರು. ತಂತಿಯನ್ನು ತಾವೇ ಇಳಿಸಿದರು, ನನ್ನ ಕೆಂಪು ನೂಲುಗಳನ್ನು ಎಣಿಸುತ್ತ. ಅಂಕಿ ನೋಡಿದರು. ಚಾರ್ಟು ನೋಡಿದರು. ಆಮೇಲೆ ನಮ್ಮ ಕಿಟಕಿಯ ಕಡೆ ನೋಡಿದರು. ಅವರಿಗೆ ಗೊತ್ತಾಯಿತು.

ಯಜಮಾನರು ಆಫೀಸಿನಲ್ಲಿ ವಿಚಾರಣೆಗೆ ಕೂತರು. ನನ್ನನ್ನೂ ಅಜ್ಜನನ್ನೂ ಕರೆದರು. ಮನೆಗಳವರು ಬಾಗಿಲಲ್ಲಿ ತುಂಬಿದ್ದರು. ಇಂಜಿನಿಯರು ಕೂರಲಿಲ್ಲ. ಹಿಂದಿಯಲ್ಲಿ ಯಜಮಾನರಿಗೆ ಹೇಳಿದರು, ಚಾರ್ಟಿನ ಅಂಕಿಗಳು ಸುಳ್ಳು, ಇವಳು ಸುಳ್ಳು ಬರೆದಿದ್ದಾಳೆ ಎಂದು. ಆಮೇಲೆ ನಮ್ಮ ಕಡೆ ತಿರುಗಿ ಕನ್ನಡದಲ್ಲಿ, "ಗಂಡ ಕೂತು ಸುಳ್ಳು ಬರೀತಿದ್ದ, ಈಕಿ ನಿಂತು ಬರದಾಳ. ಇಷ್ಟ ಫರಕು," ಎಂದರು. 'ಅಕ್ಕಾರ' ಹೋಗಿ 'ಈಕಿ' ಆಗಿದ್ದೆ.

ಬಾಗಿಲಲ್ಲಿ ಗದ್ದಲವೆದ್ದಿತು. ಕುಂಕುಮ ಕೊಟ್ಟಿದ್ದ ಮ್ಯಾನೇಜರ ಹೆಂಡತಿ, "ತಲೆ ಎತ್ತಿ ಮಾತಾಡದ ಹೆಂಗಸನ್ನು ಹಿಂಗಂತೀರಲ್ಲ, ನಾಚಿಕೆಯಾಗಲ್ವಾ?" ಎಂದರು. ಇನ್ನೊಬ್ಬಳು, "ಎಲ್ಲರನ್ನೂ ಅಂದಾಯ್ತು, ಇನ್ನು ಈ ಪಾಪದವರೊಬ್ಬರು ಬಾಕಿ ಇದ್ರು," ಎಂದಳು. ಇಂಜಿನಿಯರ ಮಾತು ಅಲ್ಲಿದ್ದವರಲ್ಲಿ ಒಬ್ಬರೂ ನಂಬಲಿಲ್ಲ. ಮೂರು ವರ್ಷ ಅವರು ಎಲ್ಲರಿಗೂ ಕೆಟ್ಟದ್ದನ್ನೇ ಹೇಳಿದ್ದರಿಂದ, ಈ ನಿಜವೂ ಅವರ ಬಾಯಿಂದ ಇನ್ನೊಂದು ಬೈಗುಳದಂತೆಯೇ ಕೇಳಿಸಿತು.

ಈಗಿನ ಬಿಸಿಯನ್ನು ಅಳೆದು ನೋಡಿ ಎಂದರು ಇಂಜಿನಿಯರು. ಕೆಟ್ಟ ಮೇಲೆ ಬಿಸಿ ಇದ್ದೇ ಇರುತ್ತದಲ್ಲ ಎಂದರು ಮ್ಯಾನೇಜರು. ಯಂತ್ರದ ಪುಸ್ತಕ ತರಿಸಿದರು. ಅಜ್ಜನ ಅಂಕಿ ನನ್ನ ಅಂಕಿಗೆ ಸರಿಯಾಗಿ ಕೂಡುತ್ತಿತ್ತು.

ಯಜಮಾನರು ವಯಸ್ಸಾದವರು, ಮೆತ್ತಗಿನ ದನಿ. ನನ್ನನ್ನು ನೋಡಿ, "ಸಿಸ್ಟರ್, ಆಪ್ ನೇ ಸಹೀ ಲಿಖಾ?" ಎಂದರು, ನೀವು ಸರಿಯಾಗಿಯೇ ಬರೆದಿರಾ ಎಂದು.

ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೌದೆಂದು ತಲೆಯಾಡಿಸಿದೆ.

ಅಷ್ಟೇ ಆದದ್ದು. ಗೆರೆಯ ಕೆಳಗಿದ್ದೂ ಯಂತ್ರ ಕೆಟ್ಟಿದೆ ಎಂದರೆ ಗೆರೆಯೇ ತಪ್ಪು, ಗೆರೆ ಎಳೆದವರೇ ತಪ್ಪು ಎಂದು ತೀರ್ಮಾನವಾಯಿತು. "ಖಲಾಸ್," ಎಂದರು ಯಜಮಾನರು. ಆಗ ಇಂಜಿನಿಯರು ಒಂದು ಕೆಲಸ ಮಾಡಿದರು, ಅದಕ್ಕೆ ಮೊದಲೂ ಆಮೇಲೂ ಅವರು ಮಾಡಿದ್ದನ್ನು ನಾನು ಕಾಣೆ. ಬೇಡಿಕೊಂಡರು. ತನ್ನನ್ನು ತೆಗೆದುಹಾಕಿ, ನೆಲವನ್ನು ತೆಗೆಯಬೇಡಿ, ಈ ಚಳಿಗಾಲ ಪೂರ್ತಿ ಬಿಡಿ, ಬರುವ ಬೇಸಿಗೆ ಅರ್ಧ ಮಾತ್ರ ನಡೆಸಿ, ಅದು ತಣಿದೇ ತಣಿಯುತ್ತದೆ ಎಂದು ಹೇಳಿದರು. ಮಾತಿನ ಮಧ್ಯೆ ಹೊಟ್ಟೆ ಹಿಡಿದುಕೊಂಡರು. ಬಾಗಿಲಲ್ಲಿದ್ದವರಲ್ಲಿ ಯಾರೋ, "ಈಗ ನೋಡು, ದನಿ ಎಷ್ಟು ತಂಪಾಯ್ತು," ಎಂದರು. ಎಲ್ಲರೂ ನಕ್ಕರು.

ಪೈಪುಗಳನ್ನು ಕತ್ತರಿಸಿ ರಂಧ್ರಗಳ ಬಾಯಿಗೆ ಸಿಮೆಂಟು ಸುರಿಯಲು ಎರಡೇ ದಿನ ಸಾಕಾಯಿತು. ಟುಬ್ಲಿಯ ವರ್ಕ್‌ಶಾಪಿನಿಂದ ಜನ ಬಂದಿದ್ದರು. ಇಂಜಿನಿಯರು ಎರಡೂ ದಿನ ಬಿಸಿಲಿನಲ್ಲಿ ನಿಂತು ನೋಡಿದರು. ಪರೀಕ್ಷೆಯ ರಂಧ್ರವನ್ನು ಮುಚ್ಚುವ ಮೊದಲು ಮತ್ತೊಮ್ಮೆ ತಂತಿ ಇಳಿಸಿ ನೋಡಿದರು. ಅಂಕಿಯನ್ನು ಯಾರಿಗೂ ಹೇಳಲಿಲ್ಲ. ನನಗೆ ಅದೆಷ್ಟಿತ್ತೆಂದು ತಿಳಿಯಬೇಕೆನಿಸಿತ್ತು. ಮೂರೇ ದಿನದ ವಿಶ್ರಾಂತಿಗೆ ಇಳಿಯತೊಡಗಿತ್ತೇ? ಪರದೆಯ ಹಿಂದಿನಿಂದ ಕೇಳುವುದು ಹೇಗೆ?

ಊರಿಗೆ ಹೊರಡುವ ದಿನ ಅವರು ನಮ್ಮ ಬಾಗಿಲಿಗೆ ಬಂದರು. ಅಜ್ಜ ಕೆಲಸದ ಮೇಲಿದ್ದರು. ಹಿಂದೆ ಯಾವಾಗಲೋ ನಾನು ಕೊಟ್ಟಿದ್ದ ಉಪ್ಪಿನಕಾಯಿ ಜಾಡಿಯನ್ನು ತೊಳೆದು ತಂದಿದ್ದರು. ಮೇಲಿನ ಚೀಟಿ ಹಾಗೆಯೇ ಇತ್ತು. ಅದನ್ನು ಹೊಸ್ತಿಲ ಹೊರಗೆ ಇಟ್ಟು, ಮುಚ್ಚಿದ ಬಾಗಿಲಿಗೆ ಕೇಳುವಷ್ಟೇ ಮೆಲ್ಲಗೆ ಹೇಳಿದರು:

"ಅಕ್ಷರ ಛಲೋ ಅದಾವ."

ಹೆಜ್ಜೆ ಸದ್ದು ನಿಂತ ಮೇಲೂ ನಾನು ಬಾಗಿಲು ತೆಗೆಯಲಿಲ್ಲ.

ಆಮೇಲೆ ಅವರಿಗೆ ಎಲ್ಲೂ ಆ ಬಗೆಯ ಕೆಲಸ ಸಿಗಲಿಲ್ಲವಂತೆ. ಹುಬ್ಬಳ್ಳಿಯಲ್ಲಿ ಫ್ರಿಜ್ ರಿಪೇರಿ ಅಂಗಡಿಯೊಂದರಲ್ಲಿ ಕೂತಿದ್ದರು, ಅಲ್ಲಿಯೂ ಗಿರಾಕಿಗಳನ್ನು ಬೈದು ಓಡಿಸುತ್ತಿದ್ದರು ಎಂದು ಕಾಂಪೌಂಡಿನಲ್ಲಿ ಹೇಳಿ ನಗುತ್ತಿದ್ದರು. ನಮಗೆ ಕೆಡುಕೇನೂ ಆಗಲಿಲ್ಲ. ಅಜ್ಜ ಅದೇ ಕೆಲಸದಲ್ಲಿ ನಿವೃತ್ತರಾದರು. ಚಾವಣಿಯ ಮೇಲೆ ಹೊಸ ಯಂತ್ರಗಳು ಬಂದವು, ಹಗಲೆಲ್ಲ ಗರ್ಜಿಸುತ್ತಿದ್ದವು, ಹುಲ್ಲಿನ ಮೇಲೆ ಬಿಸಿಗಾಳಿ ಬಡಿಯುತ್ತಿತ್ತು. ಅದರ ಬಗ್ಗೆ ಯಾರೂ ದೂರು ಬರೆಯಲಿಲ್ಲ. ನಾವಿಬ್ಬರೂ ಸಾಯುವವರೆಗೂ ಆ ಮಾತೆತ್ತುವುದಿಲ್ಲ ಎಂದು ಬಾಯಿಬಿಟ್ಟು ಹೇಳಿಕೊಳ್ಳದೆಯೇ ಒಪ್ಪಿಕೊಂಡೆವು. ಅಜ್ಜ ತಮ್ಮ ಪಾಲನ್ನು ನಡೆಸಿಕೊಟ್ಟರು.

ಈ ಹಾಳೆಗಳ ಜೊತೆ ಒಂದು ಕ್ಯಾಲೆಂಡರಿನ ಹಾಳೆ ಮಡಚಿಟ್ಟಿದ್ದೇನೆ. ಊರಿನಿಂದ ಬರುತ್ತಿದ್ದ ಗೋಡೆ ಕ್ಯಾಲೆಂಡರಿನ ಆಗಸ್ಟ್ ತಿಂಗಳದು. ಗ್ಯಾಸ್ ಬಂದ ದಿನ, ಏಕಾದಶಿ, ನಿಮ್ಮ ಅಪ್ಪನ ಫೋನು ಬಂದ ದಿನ ಎಲ್ಲವನ್ನೂ ಅದರ ಮನೆಗಳಲ್ಲಿ ಗುರುತು ಹಾಕುತ್ತಿದ್ದೆ. ಆ ದಿನಗಳ ಮನೆಗಳಲ್ಲಿ ಪೆನ್ಸಿಲಿನಿಂದ ಬರೆದ ಸಣ್ಣ ಅಂಕಿಗಳಿವೆ. ಪ್ರತಿ ಬೆಳಿಗ್ಗೆ ಚಾರ್ಟಿನಲ್ಲಿ ಸುಳ್ಳು ಬರೆದು ಒಳಗೆ ಬಂದು, ನಿಜವಾದದ್ದನ್ನು ಇಲ್ಲಿ ಬರೆದಿದ್ದೆ. ಯಾಕೆ ಬರೆದೆ, ಗೊತ್ತಿಲ್ಲ. ವಿಚಾರಣೆಯ ದಿನವೂ ಇದು ನಮ್ಮ ಅಡುಗೆಮನೆಯ ಗೋಡೆಯ ಮೇಲೆಯೇ ನೇತಾಡುತ್ತಿತ್ತು. ಆಫೀಸಿನಿಂದ ಐವತ್ತು ಹೆಜ್ಜೆ ದೂರ.

ಆ ಅಂಕಿಗಳನ್ನು ಗೆರೆಯ ಪಕ್ಕದಲ್ಲಿಟ್ಟು ನೋಡಿದರೆ, ಗೆರೆ ಸರಿಯಾಗಿತ್ತು ಎಂದು ಯಾರಿಗಾದರೂ ತಿಳಿಯುತ್ತದೆ. ಅವರಿಗೆ ಹೆಂಡತಿ ಮಕ್ಕಳಿಲ್ಲ, ಇದನ್ನು ಕಳಿಸಲು ವಿಳಾಸವಿಲ್ಲ. ನೀವಿಬ್ಬರೇ ಇದ್ದೀರಿ. ಪೆನ್ಸಿಲ್ ಆಗಲೇ ಮಾಸುತ್ತಿದೆ. ಮಡಿಕೆಯನ್ನು ಪದೇಪದೇ ಬಿಚ್ಚಬೇಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ, ಈ ಹಾಳೆಗಳೊಂದಿಗೆ ಒಂದೇ ಲಕೋಟೆಯಲ್ಲಿ ಜೋಪಾನವಾಗಿಡಿ. ಓದಿ ಆದ ಮೇಲೆ ನನ್ನ ಹತ್ತಿರ ಬಂದು ಇದು ಹೌದೇ ಅಜ್ಜಿ ಎಂದು ಕೇಳಬೇಡಿ. ಎದುರಿಗೆ ನಿಂತು ಕೇಳಿದರೆ ನಾನು ಏನು ಹೇಳುತ್ತೇನೋ ನನಗೇ ನಂಬಿಕೆಯಿಲ್ಲ. ನನ್ನ ಬಾಯಿಮಾತಿಗಿಂತ ಆ ಕಾಗದವನ್ನೇ ನಂಬಿ, ಅದನ್ನು ಇಟ್ಟುಕೊಳ್ಳಿ.